ಮೂಲಪ್ರತಿ ಹಾಜರಿದ್ದಾರೆ

ಲಿಖಿತ ರೂಪದಲ್ಲಿಲ್ಲದ ಯಾವುದೇ ಕಥೆಯನ್ನು ಕಥೆಯೆಂದು ಪರಿಗಣಿಸತಕ್ಕದ್ದಲ್ಲ ಎಂಬುದು ನಮ್ಮ ಬಾಯ್ಮಾತಿನ ಕಥೆಗಳ ಸಂರಕ್ಷಣಾ ಇಲಾಖೆಯ ಮೊದಲನೆಯ ನಿಯಮ. ಹದಿನೇಳು ವರ್ಷಗಳಿಂದ ಇಲ್ಲಿ ಗುಮಾಸ್ತನಾಗಿರುವ ನನಗೆ ಈ ನಿಯಮದಿಂದ ಯಾವ ತೊಂದರೆಯೂ ಆಗಿರಲಿಲ್ಲ. ಅಷ್ಟು ವರ್ಷಗಳಲ್ಲಿ ಒಂದೂ ಕಥೆ ಬಂದಿರಲಿಲ್ಲ.

ಹೀಗಿರಲಾಗಿ, ಗುಡ್ಡದ ಮೂಲನಿವಾಸಿ ಹೆಣ್ಣುಮಗಳೊಬ್ಬಳು ಅರ್ಜಿ ಹಿಡಿದು ಬಂದಳು. ಅವಳ ಕಸುಬು ಬರೆದ ಚಿತ್ರಗಳನ್ನು ಓಡಾಡಿಸುವುದು, ಅಂದರೆ ಅನಿಮೇಷನ್. ಒಣಗಿದ ಗುಡ್ಡಕ್ಕೆ ಆಮೆಯೊಂದು ಬೆನ್ನ ಮೇಲೆ ನದಿ ಹೊತ್ತು ತಂದ ಕಥೆಯನ್ನು ಅವಳ ಅಜ್ಜಿ ಹೇಳುತ್ತಿದ್ದರಂತೆ. ಅದನ್ನು ಹನ್ನೊಂದು ನಿಮಿಷದ ಕಿರುಚಿತ್ರ ಮಾಡಲು ಇಲಾಖೆಯ ನೆರವು ಬೇಕಿತ್ತು.

ಅಧೀಕ್ಷಕರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮೂಲಪ್ರತಿ ಎಲ್ಲಿ?"

"ಅಜ್ಜಿ ಬಾಯಲ್ಲಿದೆ ಸಾರ್."

"ಹಾಗಾದ್ರೆ ಅವರನ್ನೇ ಲಗತ್ತಿಸಿ."

ಮರುದಿನ ಅಜ್ಜಿ ಲಗತ್ತಾದರು. ನಾನು ಅವರ ತೋಳಿಗೆ 417 ಎಂಬ ಕಡತ ಸಂಖ್ಯೆಯ ಚೀಟಿ ಕಟ್ಟಿ, ಅಂಗೈಗೆ ದುಂಡು ಮೊಹರು ಒತ್ತಿದೆ. "ಕಚಗುಳಿ ಆಗುತ್ತೆ ಕಣಪ್ಪಾ" ಎಂದು ಅವರು ನಕ್ಕರು. ಮೂಲಪ್ರತಿಯನ್ನು ಕಚೇರಿಯಿಂದ ಹೊರಗೆ ಒಯ್ಯುವಂತಿಲ್ಲವಾದ್ದರಿಂದ, ದಾಖಲೆ ಕೊಠಡಿಯಲ್ಲಿ ಎರಡು ಕಬ್ಬಿಣದ ಕಪಾಟುಗಳ ನಡುವೆ ಅವರಿಗೊಂದು ಮಂಚ ಹಾಕಿಸಲಾಯಿತು. ಇತರ ದಾಖಲೆಗಳಿಗೆ ಕಡ್ಡಾಯವಾದ ಗೆದ್ದಲು ಪುಡಿಯಿಂದ ಅವರಿಗೆ ವಿನಾಯಿತಿ ಸಿಕ್ಕಿತು.

ದಿನ ಕಳೆದಂತೆ ಸಿಬ್ಬಂದಿಯೆಲ್ಲ ಬುತ್ತಿ ಹಿಡಿದು ಅಲ್ಲಿಗೇ ಊಟಕ್ಕೆ ಹೋಗತೊಡಗಿದರು. ಅಜ್ಜಿ ಕಥೆ ಹೇಳುವರು. ಒಮ್ಮೆ ಜವಾನ ಆಕ್ಷೇಪಿಸಿದ: "ಅಜ್ಜೀ, ನಿನ್ನೆ ಆಮೆ ಎಡಕ್ಕೆ ತಿರುಗಿತ್ತು. ಇವತ್ತು ಬಲಕ್ಕೆ ತಿರುಗಿಸಿದ್ರಿ."

"ನಿನ್ನೆ ನೀನು ಎಡಗಡೆ ಕೂತಿದ್ದೆಯಲ್ಲ!"

ಜವಾನನಿಗೆ ಇದು ಸರಿಯೆನಿಸಿತು. ನನಗೂ ಸರಿಯೆನಿಸಿತು. ಆದರೆ ಕಡತದಲ್ಲಿ ಬರೆಯಲು ಅಂಕಣವಿರಲಿಲ್ಲ.

ಅತ್ತ ಚಿತ್ರ ಸಿದ್ಧವಾಗುತ್ತಿತ್ತು. ಅದರ ಮೇಲ್ವಿಚಾರಣೆಗೆ ಮೂವತ್ತನಾಲ್ಕು ಜನರ ಸಮಿತಿ ನೇಮಕವಾಯಿತು. ಎಲ್ಲರ ಹೆಸರು, ಹುದ್ದೆ, ಭಾವಚಿತ್ರ ತೆರೆಯ ಮೇಲೆ ಬರತಕ್ಕದ್ದೆಂದು ಸಮಿತಿಯೇ ಅವಿರೋಧವಾಗಿ ನಿರ್ಣಯಿಸಿತು. ಇದಕ್ಕೆ ಏಳು ನಿಮಿಷ ಹಿಡಿಯಿತು. ಆಮೆಗೆ ನಾಲ್ಕು ನಿಮಿಷ ಉಳಿಯಿತು.

"ನದಿ ಎತ್ಕೊಳ್ಳೋಕೇ ಮೂರು ನಿಮಿಷ ಬೇಕು ಸಾರ್. ಗುಡ್ಡ ಹತ್ತೋದು ಯಾವಾಗ?" ಎಂದಳು ಮೊಮ್ಮಗಳು.

"ಆಮೆಗೆ ಸ್ವಲ್ಪ ಬೇಗ ನಡೆಯೋಕೆ ಹೇಳಿ" ಎಂದರು ಅಧೀಕ್ಷಕರು.

ಮುಗಿದ ಚಿತ್ರವನ್ನು ಮೂಲಪ್ರತಿಯೊಂದಿಗೆ ತಾಳೆ ನೋಡಬೇಕಿತ್ತು. ದಾಖಲೆ ಕೊಠಡಿಯ ಗೋಡೆಯ ಮೇಲೆಯೇ ಪ್ರದರ್ಶನ ಏರ್ಪಟ್ಟಿತು. ಆಮೆ ಗುಡ್ಡದ ಬುಡಕ್ಕೆ ಬಂತು, ಕಾಲೆತ್ತಿತು. ಅಷ್ಟರಲ್ಲಿ ಅಧೀಕ್ಷಕರ ಭಾವಚಿತ್ರ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಮಾತ್ರ ಕೊನೆಯ ಹೆಸರಿನವರೆಗೂ ಕಣ್ಣು ಮಿಟುಕಿಸದೆ ಕಾದರು.

"ನೀರು ಎಲ್ಲಿ ಮಗಳೇ? ಮೇಲೆ ಜನ ಬಿಂದಿಗೆ ಹಿಡ್ಕೊಂಡು ನಿಂತಿದ್ದಾರಲ್ಲ!"

ಮೊಮ್ಮಗಳು ತಲೆ ತಗ್ಗಿಸಿದಳು. "ಹೊತ್ತು ಸಾಲಲಿಲ್ಲ ಅಜ್ಜೀ" ಎನ್ನುತ್ತ ಕಣ್ಣೊರೆಸಿಕೊಂಡಳು. ಆಗ ನನ್ನ ಕಣ್ಣಿಗೂ ಕೊಠಡಿಯ ಧೂಳು ಬಿತ್ತು. ಈ ಬಗ್ಗೆ ಟಿಪ್ಪಣಿ ಇಟ್ಟಿಲ್ಲ.

ಸಂಜೆಯೇ ಜ್ಞಾಪನ ಹೊರಟಿತು: "ಚಿತ್ರಕ್ಕೂ ಮೂಲಪ್ರತಿಗೂ ತಾಳೆಯಾಗದಿರುವುದರಿಂದ, ಮೂಲಪ್ರತಿಯು ಏಳು ದಿನಗಳೊಳಗೆ ತನ್ನನ್ನು ತಾನು ತಿದ್ದಿಕೊಳ್ಳತಕ್ಕದ್ದು."

ಮೊಮ್ಮಗಳು ಅಧೀಕ್ಷಕರ ಮೇಜಿನ ಮುಂದೆ ನಿಂತಳು. ಜ್ಞಾಪನವನ್ನು ಅವರ ಮುಂದಿಟ್ಟಳು. "ಅಜ್ಜಿಯನ್ನ ತಿದ್ದೋಕಾಗಲ್ಲ ಸಾರ್. ಮೊಹರು ಹಾಕಿಸಿದ್ದು ನೀವೇ."

ಅಧೀಕ್ಷಕರು ನಿಯಮಾವಳಿ ತೆರೆದರು. ಹೌದು, ಮೊಹರಾದ ಮೂಲಪ್ರತಿಯಲ್ಲಿ ಒಂದಕ್ಷರವೂ ಬದಲಾಗಕೂಡದು. ಅವರು ಬೆವರೊರೆಸಿಕೊಂಡು ಹೊಸ ಆದೇಶ ಬರೆಸಿದರು: ಚಿತ್ರವೂ ಸರಿ, ಅಜ್ಜಿಯೂ ಸರಿ, 417ನೇ ಸಂಖ್ಯೆಯ ಕಡತದ ಮೂಲಪ್ರತಿಯನ್ನು ಶಾಶ್ವತ ದಾಖಲೆಯೆಂದು ಘೋಷಿಸಲಾಗಿದೆ. ಮೊಮ್ಮಗಳನ್ನು ದೃಢೀಕೃತ ನಕಲೆಂದು ನೇಮಿಸಲಾಗಿದೆ. ಅವಳೀಗ ಅಜ್ಜಿಯ ಮಂಚದ ಪಕ್ಕ ಕೂತು, ಸಿಬ್ಬಂದಿಯ ತಿರಸ್ಕೃತ ರಜೆ ಅರ್ಜಿಗಳ ಹಿಂಬದಿಯಲ್ಲಿ ಆಮೆಯನ್ನು ಗುಡ್ಡ ಹತ್ತಿಸುತ್ತಿದ್ದಾಳೆ.

ಆದೇಶ ಓದಿ ಹೇಳಿದಾಗ ಅಜ್ಜಿ ಕೇಳಿದರು: "ಶಾಶ್ವತ ಅಂದ್ರೆ? ನಾನಿನ್ನು ಸಾಯೋ ಹಾಗಿಲ್ವಾ?"

"ನಿಯಮದಲ್ಲಿ ಅವಕಾಶವಿಲ್ಲ ಅಜ್ಜೀ" ಎಂದೆ.

ಸೋಮವಾರ ಬಾಗಿಲು ತೆರೆದಾಗ ಮೆಟ್ಟಿಲಿನಿಂದ ಬೀದಿ ತಿರುವಿನವರೆಗೆ ಮುದುಕ ಮುದುಕಿಯರು ಸಾಲಾಗಿ ನಿಂತಿದ್ದರು. ವಿಚಾರಿಸಲಾಗಿ, ಕಥೆ ಬಲ್ಲವರು ಮೂವರೇ. ಉಳಿದವರು ಶಾಶ್ವತ ದಾಖಲೆಯ ನಿಯಮ ಕೇಳಿ ಬಂದವರು. ಸಾಲಿನ ತುದಿಯಲ್ಲಿ ಅರ್ಜಿ ಹಿಡಿದು ನಿಂತಿದ್ದವರು, ಮುಂದಿನ ತಿಂಗಳು ನಿವೃತ್ತರಾಗಲಿರುವ ನಮ್ಮ ಅಧೀಕ್ಷಕರು. ನಾನು ಮೊಹರಿಗೆ ಮಸಿ ತುಂಬಿಸಿದೆ.