ಉಂಡವರನ್ನು ಮಲಗಿಸುವ ಮಾವ

ಗಿರಾಕಿ ಉಂಡು ಎದ್ದು ಹೋದರೆ ಬೇಜಾರು ಮಾಡಿಕೊಳ್ಳುವ ಖಾನಾವಳಿ ಮಾಲೀಕರು ಜಗತ್ತಿನಲ್ಲಿ ಒಬ್ಬರೇ. ಅವರು ನಮ್ಮ ಸೋದರಮಾವ! ಹುಮನಾಬಾದಿನಲ್ಲಿರುವ ಅವರ ಕಟ್ಟಡ ನಿಜಾಮರ ಕಾಲದ ಮುಸಾಫಿರ್‌ಖಾನೆ, ಅಂದರೆ ದಾರಿಹೋಕರು ತಂಗುತ್ತಿದ್ದ ಛತ್ರ. ಈಗ ಖೋಲಿಗಳಲ್ಲೆಲ್ಲ ಊಟದ ಮೇಜುಗಳು. ಒಂದೇ ಒಂದು ಖೋಲಿಯಲ್ಲಿ ಮಾತ್ರ ಮಂಚ ಉಳಿದಿದೆ. ಯಾರೂ ಮಲಗದ ಆ ಮಂಚದ ಚಾದರವನ್ನು ಮಾವ ದಿನಾ ಒಗೆದು ಹಾಸುತ್ತಾರೆ!

ಮಲಗುವವರಾದರೂ ಯಾರು? ಬಸವಕಲ್ಯಾಣದವರು ಉಂಡು ಹೆದ್ದಾರಿ ಹತ್ತಿದರೆ, ಪುಂಡಿಪಲ್ಯದ ಹುಳಿ ಬಾಯಿಂದ ಹೋಗುವುದರೊಳಗೆ ಮನೆ ಮುಟ್ಟುತ್ತಾರೆ. ಆದರೂ ಮಾವ ಬಿಡಬೇಕಲ್ಲ! ಒಮ್ಮೆ ಮದುವೆ ದಿಬ್ಬಣದವರು ಕೈ ತೊಳೆಯುತ್ತಿದ್ದಾಗ ಮಾವ ಅವರ ಬಳಿಗೆ ಓಡಿ ಹೋದರು.

“ಇವತ್ತ ಇರ್ತೀರಿಲ್ರಿ?”

“ಮುಹೂರ್ತ ಅದ್ರಿ, ಸಾವ್ಕಾರ್ರ!”

“ಮುಗಿಸ್ಕೊಂಡು ಬರ್ರಿ. ಖೋಲಿ ಖಾಲಿ ಇಟ್ಟಿರ್ತೀನಿ.”

ಮದುಮಗ ನಾಚಿ ಗಾಡಿ ಹತ್ತಿ ಕೂತುಬಿಟ್ಟ. ಇನ್ನು ಊಟದ ನಡುವೆ ಆಕಳಿಸಿದವರ ಗತಿ ಕೇಳಬೇಡಿ. ಮಜ್ಜಿಗೆಗಿಂತ ಮೊದಲು ದಿಂಬು ಬರುತ್ತದೆ!

ಹೋದ ವಾರ ಮಾವನ ಮಗ ಹೇಳಿಯೇಬಿಟ್ಟ: “ಅಪ್ಪಾ, ಅಲ್ಲಿ ಯಾರ್ ಮಲಗ್ತಾರ? ಸೋಮವಾರ ಗೌಂಡಿ ಬರ್ತಾನ. ಗೋಡಿ ಒಡಿಸಿ ಮೇಜು ಹಾಕಸ್ತೀನಿ.”

ಅಂದಿನಿಂದ ಮಾವನಿಗೆ ಊಟ ಸೇರಲಿಲ್ಲ. ನನಗೆ ದಿನಕ್ಕೆ ಹತ್ತು ಫೋನು.

“ತಮ್ಮಾ, ನಿಮ್ಮ ಕಡಿ ಯಾರರೆ ದಣದವ್ರು ಇದ್ರ ಕಳಸು!”

ದಣಿದವರನ್ನು ಎಲ್ಲಿಂದ ತರಲಿ? ನಮ್ಮ ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಬ್ಬಿಬ್ಬರ ಮುಖ ನೋಡಿದೆ. ಅವರು ಜೇಬು ಮುಟ್ಟಿಕೊಂಡು ದೂರ ಸರಿದರು! ನಗು ಬಂತು. ಆದರೆ ಆ ಖೋಲಿಯೂ ಹೋದರೆ ಮಾವ ಏನಾಗುತ್ತಾರೋ?

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಖೋಲಿಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಗೊರಕೆ! ಹೊರಗೆ ಮಾವ ಬಾಗಿಲು ಕಾಯುತ್ತ ನಿಂತಿದ್ದರು.

“ಮಾಮಾ, ಮುಸಾಫಿರ ಸಿಕ್ಕನಾ?”

“ಮೆಲ್ಲಕ ಮಾತಾಡು. ಮಂಠಾಳದ ಗೌಂಡಿ. ಬರೂದ್ರಾಗ ಜ್ವರ ಬಂದಾವ. ನಾನೇ ಮಲಗಿಸೀನಿ.”

“ಗೋಡಿ ಒಡಿಯಾಕ ಬಂದಂವ ಅಲ್ಲೇನ್ರಿ ಅಂವ?”

“ಹೌದು.”

ಅಷ್ಟರಲ್ಲಿ ಯಾರೋ ತಾಟು ಬೀಳಿಸಿದರು. ಮಾವ ಗಾಬರಿಯಾಗಿ ಅತ್ತ ತಿರುಗಿ, ಸದ್ದು ಮಾಡಬೇಡಿ ಎಂಬಂತೆ ಕೈ ಮುಗಿದರು.

“ಎದ್ದ ಮ್ಯಾಲ ಒಡೀಲಿ, ತಮ್ಮಾ. ಮದಲ ಅಂವಂದು ನಿದ್ದಿ ಆಗ್ಲಿ.”