ಸಾಲಿಗೂ ಆಗಬೇಕು, ಶರ್ಯತ್ತಿಗೂ ಆಗಬೇಕು

ನಮ್ಮ ಕಾಕಾನಿಗೆ ಹುಚ್ಚು ಎಂದು ಆಳಂದದಲ್ಲಿ ಯಾರಾದರೂ ಆಡಿಕೊಂಡರೆ ನಾನು ಇವತ್ತಿಗೂ ಜಗಳಕ್ಕೆ ಹೋಗುವುದಿಲ್ಲ. ಹೋಗಲಿಕ್ಕೆ ನನಗೆ ಮುಖವೆಲ್ಲಿದೆ? ಆ ಮಾತನ್ನು ಮೊದಲು ಶುರುಮಾಡಿದವರಲ್ಲಿ ನಾನೂ ಒಬ್ಬಳು! ಆರಡಿ ಎತ್ತರ, ತಲೆಗೆ ರುಮಾಲು, ಹಣೆಗೆ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಧೋತರ, ನಡೆದರೆ ಓಣಿಗೆಲ್ಲ ಕೇಳುವ ಕಿರ್ರೆನ್ನುವ ಚಪ್ಪಲಿ. ಇಂಥ ಮನುಷ್ಯ ಎಂಬತ್ತರ ದಶಕದಲ್ಲಿ, ಹೊಲ ತುಂಬ ತೊಗರಿ ನಿಂತಿರುವಾಗ, ರೇಸಿಗೆ ಓಡುವಂಥ ಕಾರು ಬೇಕೆಂದು ಮನೆಯಿಂದ ಹೊರಬಿದ್ದರೆ ನೀವಾದರೂ ಏನನ್ನುತ್ತಿದ್ದಿರಿ?

ಕಾಕಾನ ವಿಚಾರ ಪೂರ್ತಿ ತಿಳಿಯಬೇಕಾದರೆ ಮೊದಲು ಎತ್ತಿನ ವಿಚಾರ ತಿಳಿಯಬೇಕು. ಎತ್ತು ಆರಿಸುವುದರಲ್ಲಿ ಅವನನ್ನು ಮೀರಿಸಿದವರು ನಮ್ಮ ಕಡೆ ಇರಲಿಲ್ಲ. ಅಫಜಲಪುರದವರು, ಜೇವರ್ಗಿಯವರು ದನದ ಸಂತೆಗೆ ಹೊರಟರೆ ಮೊದಲು ಆಳಂದಕ್ಕೆ ಬಂದು ಕಾಕಾನನ್ನು ಕರೆದುಕೊಂಡೇ ಮುಂದೆ ಹೋಗುತ್ತಿದ್ದರು. ಅವನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವನು, ಮೈಮೇಲಿನ ಸುಳಿ ಎಣಿಸುವನು, ಗೊರಸು ಎತ್ತಿ ಬಡಿಯುವನು. ಆಮೇಲೆ ಒಂದು ಫರ್ಲಾಂಗು ಓಡಿಸಿ ತಂದು, ಅದರ ಪಕ್ಕೆಗೆ ಕಿವಿ ಇಟ್ಟು, ಏದುಸಿರು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಕಣ್ಣು ಮುಚ್ಚಿಕೊಂಡು ಕೇಳುವನು. ದವಾಖಾನೆಯ ಡಾಕ್ಟರು ಕೂಡ ನಮ್ಮನ್ನು ಅಷ್ಟು ಹೊತ್ತು ಕೇಳಿಸಿಕೊಂಡದ್ದಿಲ್ಲ.

ಅವನದೊಂದು ಹಟವಿತ್ತು. ಹೊಲ ಉಳುವ ಎತ್ತು ಬೇರೆ, ಶರ್ಯತ್ತಿನಲ್ಲಿ ಓಡುವ ಎತ್ತು ಬೇರೆ ಎಂದು ಲೋಕವೆಲ್ಲ ಒಪ್ಪಿಕೊಂಡಿದ್ದರೆ, ಅವನು ಮಾತ್ರ ಒಪ್ಪಿರಲಿಲ್ಲ. ಎರಡನ್ನೂ ಮಾಡುವ ಎತ್ತು ಇದ್ದೇ ಇರುತ್ತದೆ, ಹುಡುಕುವವರಿಗೆ ತಾಳ್ಮೆ ಇಲ್ಲ, ಅಷ್ಟೇ ಎನ್ನುತ್ತಿದ್ದ.

ಹೆಣ್ಣು ನೋಡಲು ಹೋದಾಗಲೂ ಹೀಗೇ ಏನೋ ಒಂದು ಆಯಿತಂತೆ. ಜೇವರ್ಗಿ ಕಡೆಯ ಹಳ್ಳಿ. ನಮ್ಮ ಆಯಿ, ಅಂದರೆ ಕಾಕಾನ ತಾಯಿ, ಹುಡುಗಿಗೆ ಏನೇನು ಬರುತ್ತದೆ ಎಂದು ಕೇಳಿದಳು. ಹಾಡು, ಹಸೆ, ಹೋಳಿಗೆ ಎಂಬ ಉತ್ತರಕ್ಕೆ ಎಲ್ಲರೂ ಕಾದಿದ್ದರು. ಹುಡುಗಿ ತಲೆ ತಗ್ಗಿಸಿಕೊಂಡೇ, "ಬಂಡಿ ಹೊಡಿಲಾಕ ಬರ್ತದ್ರಿ" ಎಂದಳಂತೆ. ಅವಳ ತಂದೆ ಶರ್ಯತ್ತಿನ ಬಂಡಿಯವರು. ಮಗಳಿಗೆ ಹನ್ನೆರಡು ತುಂಬುವವರೆಗೆ ಅವಳ ಕೈಯಲ್ಲೇ ಹಗ್ಗ ಕೊಟ್ಟು ಹೊಲದಲ್ಲಿ ಎತ್ತು ಓಡಿಸುತ್ತಿದ್ದರಂತೆ, ಆಮೇಲೆ ದೊಡ್ಡವಳಾದಳೆಂದು ಬಿಡಿಸಿದರಂತೆ. ಕೇಳಿದವರೆಲ್ಲ ನಕ್ಕರು, ಹುಡುಗಿಯ ತಂದೆಯೂ ನಕ್ಕು ಮಾತು ತೇಲಿಸಿದರು. ನಗದವನು ಕಾಕಾ ಒಬ್ಬನೇ. ಮನೆಗೆ ಬಂದವನೇ, ಇದೇ ಹುಡುಗಿ ಎಂದ. ಎತ್ತಿನ ಮಾತು ತೆಗೆದಿದ್ದಕ್ಕೆ ಬಿದ್ದ ಎಂದು ಆಯಿ ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದಳು.

ಆ ಹುಡುಗಿಯೇ ನಮ್ಮ ಚಿಗವ್ವ. ಮದುವೆಯಾದ ಮೇಲೆ ಓದಿ ಮಾಸ್ತರಿಕೆ ಹಿಡಿದಳು. ಕಡಗಂಚಿಯ ಹತ್ತಿರದ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು. ಆಳಂದದಿಂದ ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಬಾಗಿಲಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಮುಟ್ಟುವುದು ವಾರಕ್ಕೆ ಮೂರು ಸಲವಾಯಿತು. ಬರುವ ವರ್ಷವೂ ಹೀಗೇ ಆದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮುಖ್ಯೋಪಾಧ್ಯಾಯರು ಮೆತ್ತಗೆ ಹೇಳಿದರು. ಆಯಿಗೆ ಅಷ್ಟೇ ಸಾಕಾಗಿತ್ತು. ನೌಕರಿ ಬಿಟ್ಟು ಮನೆಯಲ್ಲಿ ಇರಲಿ ಎಂದಳು. ಚಿಗವ್ವ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಆಗ ಕಾಕಾ, ಮುಂದಿನ ಜೂನ್‌ನೊಳಗೆ ಕಾರು ತರುತ್ತೇನೆ ಎಂದು ಘೋಷಿಸಿದ. ನಾವೆಲ್ಲ ಭೇಷ್ ಎಂದೆವು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಕಾಕಾ ಹೇಗಾದಾನು?

"ವಾರದಾಗ ಆರು ದಿನ ಸಾಲಿಗಿ, ಏಳನೇ ದಿನ ಶರ್ಯತ್ತಿಗಿ. ಎರಡಕ್ಕೂ ಬರೋಬ್ಬರಿ ಆಗೂದೇ ಬೇಕು" ಎಂದ.

ಕಾರಿನ ಶರ್ಯತ್ತು! ಆಳಂದದಲ್ಲಿ! ಯಾರ ಸಂಗಡ ಎಂದರೆ ರುಮಾಲು ಸರಿಮಾಡಿಕೊಂಡ. ಎಲ್ಲಿ ಎಂದರೆ ನಮ್ಮ ಹೊಲದಲ್ಲಿ ಎಂದ. ಆಯಿ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನಾಗ ಗುಲ್ಬರ್ಗದಲ್ಲಿ ಕಾಲೇಜು ಓದುತ್ತಿದ್ದೆ. ಕಾರಿನ ಕಾಗದಪತ್ರಗಳು ಇಂಗ್ಲಿಷಿನಲ್ಲಿರುತ್ತವೆಂದು ಕಾಕಾ ನನ್ನನ್ನು ಕಟ್ಟಿಕೊಂಡು ತಿರುಗಿದ. ಮೊದಲು ನೋಡಿದ್ದು ಜೇವರ್ಗಿಯ ಡಾಕ್ಟರೊಬ್ಬರ ಕಾರು. ದೊಡ್ಡ ಸೀಟು, ಗಟ್ಟಿ ಮೈ, ಇಡೀ ಮನೆತನವೇ ಕೂರಬಹುದು. ಕಾಕಾ ಬಾನೆಟ್ ಎತ್ತಿ ಒಳಗೆ ಬ್ಯಾಟರಿ ದೀಪ ಬಿಟ್ಟು ಹಲ್ಲು ನೋಡಿದಂತೆ ನೋಡಿದ. ನಾಲ್ಕೂ ಗಾಲಿಗಳನ್ನು ಗೊರಸಿನಂತೆ ಬಡಿದ. ಊರ ಹೊರಗೆ ಓಡಿಸಿ ತರಿಸಿ, ಎಂಜಿನ್ನಿಗೆ ಕಿವಿ ಇಟ್ಟು ಕಣ್ಣು ಮುಚ್ಚಿ ನಿಂತ. ಡಾಕ್ಟರು ತಮ್ಮ ಸ್ಟೆತಾಸ್ಕೋಪನ್ನು ಮೇಜಿನ ಮೇಲಿಟ್ಟು ಬೆರಗಾಗಿ ನೋಡುತ್ತಿದ್ದರು. ಕೊನೆಗೆ ಕಾಕಾ, ಗುಣ ಒಳ್ಳೆಯದಿದೆ, ಆದರೆ ಇದು ಉಳುವ ಎತ್ತು ಎಂದು ಕೈಮುಗಿದು ಎದ್ದುಬಂದ.

ಎರಡನೆಯದು ಅಫಜಲಪುರದಲ್ಲಿ, ಸೊನ್ನದ ಕಡೆ ಕೆಲಸ ಹಿಡಿದಿದ್ದ ಗುತ್ತಿಗೆದಾರನದು. ಅದು ನಿಜಕ್ಕೂ ಓಡುವ ಗಾಡಿ. ಕಾಕಾನ ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ನಾನು ಖುಷಿಯಿಂದ ಕಾಗದ ಓದತೊಡಗಿದೆ. ಅಷ್ಟರಲ್ಲಿ ಕಾಕಾ ಅಂಗಿಯ ಕಿಸೆಯಿಂದ ಒಂದು ದಾರ ತೆಗೆದ. ಜೋಡಿ ಎತ್ತಿನ ಎತ್ತರ ಹೊಂದಿಸಲು ಅವನ ಹತ್ತಿರ ಯಾವಾಗಲೂ ಒಂದು ಅಳತೆಯ ದಾರ ಇರುತ್ತಿತ್ತು, ಆದರೆ ಇದು ಹೊಸದು, ತುದಿಗೊಂದು ಗಂಟು. ಡ್ರೈವರ್ ಸೀಟಿನ ಬೆನ್ನಿನಿಂದ ಕೆಳಗಿನ ಬ್ರೇಕಿನವರೆಗೆ ದಾರ ಹಿಡಿದ. ಗಂಟು ಬ್ರೇಕನ್ನು ಮುಟ್ಟಲಿಲ್ಲ, ಒಂದು ಗೇಣು ಹಿಂದೆಯೇ ನಿಂತಿತು. ಬ್ಯಾಡ್ರಿ ಎಂದು ದಾರ ಸುತ್ತಿ ಕಿಸೆಗಿಟ್ಟ. ಗುತ್ತಿಗೆದಾರ ಕೆಂಡವಾದ. ಆರಡಿ ಆಳಿಗೆ ಕಾಲು ಚಾಚಲು ಇಷ್ಟು ಜಾಗವಿರುವ ಗಾಡಿ ಇನ್ನೆಲ್ಲಿ ಸಿಗುತ್ತದೆಂದು ಅವನ ವಾದ. ಅದು ನ್ಯಾಯವಾಗಿಯೇ ಇತ್ತು! ಬಸ್ಸಿನಲ್ಲಿ ವಾಪಸು ಬರುವಾಗ ನಾನು ಕಾಕಾನನ್ನು ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತೆ.

ಹೀಗೆ ಫೆಬ್ರುವರಿ ಹೋಯಿತು, ಮಾರ್ಚ್ ಹೋಯಿತು. ಏಳು ಗಾಡಿಗಳನ್ನು ದಾರ ಹಿಡಿದೇ ಬೇಡವೆಂದ. ಅವುಗಳಲ್ಲಿ ಯಾವುದು ತಂದಿದ್ದರೂ ಚಿಗವ್ವ ಶಾಲೆಗೆ ಗಂಟೆಯ ಮೊದಲು ಮುಟ್ಟುತ್ತಿದ್ದಳು. ಈ ಮನುಷ್ಯ ತನ್ನ ಶರ್ಯತ್ತಿನ ಚಟಕ್ಕೆ ಹೆಂಡತಿಯ ನೌಕರಿ ಕಳೆಯುತ್ತಾನೆ ಎಂದು ನನ್ನ ಹೊಟ್ಟೆ ಉರಿಯಿತು. ಚಿಗವ್ವನಿಗೆ ಹೇಳಿದರೆ ಅವಳು ಹೋಮ್‌ವರ್ಕಿನ ಪುಸ್ತಕದಿಂದ ತಲೆ ಎತ್ತದೆ, ನಿಮ್ಮ ಕಾಕಾ ಎತ್ತು ಆರಿಸುವಾಗ ನಡುವೆ ಬಾಯಿ ಹಾಕಬಾರದು ಎಂದಳು.

ಮೇ ತಿಂಗಳಲ್ಲಿ, ಜಿಡಗಾದಿಂದ ಆಚೆ ಒಂದು ಹಳ್ಳಿಯ ಗೌಡರ ಕೊಟ್ಟಿಗೆಯಲ್ಲಿ, ತೊಗರಿಕಟ್ಟಿಗೆಯ ರಾಶಿಯ ಕೆಳಗೆ, ಅದು ಸಿಕ್ಕಿತು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂತಿತ್ತು. ಯಾವ ಕಾಲದಲ್ಲೋ ಹೈದರಾಬಾದಿನ ನವಾಬರ ಮನೆಯವರೊಬ್ಬರು ಗೌಡರ ತಂದೆಗೆ ಸ್ನೇಹಕ್ಕೆ ಕೊಟ್ಟು ಹೋದ ಸ್ಪೋರ್ಟ್ಸ್ ಕಾರು. ಕಾಕಾ ಸುತ್ತ ಮೂರು ಸಲ ಬಂದ. ದಾರ ಹಿಡಿದ. ಗಂಟು ನೇರ ಬ್ರೇಕಿನ ಮೇಲೆ ಕೂತಿತು. ಅವನು ದಾರ ಸುತ್ತಿ ಕಿಸೆಗಿಡುವುದನ್ನೂ ಮರೆತ.

ವ್ಯಾಪಾರ ಸಂತೆಯ ಪದ್ಧತಿಯಲ್ಲೇ ನಡೆಯಿತು. ಇಬ್ಬರೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ, ಮುಖದಲ್ಲಿ ಏನೂ ತೋರಿಸದೆ ಮುಗಿಸಿದರು. ಗೌಡರ ಮನೆಯ ಹೆಣ್ಣುಮಕ್ಕಳು ಕಾರಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಆಮೇಲೆ ಗೌಡರು ಕಾರಿನ ಕೀಲಿಕೈ ತೆಗೆದು ತಮ್ಮ ಕಿಸೆಗೆ ಹಾಕಿಕೊಂಡರು.

ನಾನು ಕೈ ಚಾಚಿದೆ. ಗೌಡರು ನನ್ನನ್ನು ತಿಳಿವಳಿಕೆ ಇಲ್ಲದವಳಂತೆ ನೋಡಿದರು.

"ದನ ಮಾರಿದ್ರ ಹಗ್ಗ ಕೊಡ್ತಾರೇನವ? ಹಗ್ಗ ಹ್ವಾದ್ರ ಕೊಟ್ಟಿಗಿ ಲಕ್ಷ್ಮೀನೂ ಹಿಂದ ಹೋಗ್ತಾಳ."

ಕಾಕಾ ಈಗ ಜಗಳ ತೆಗೆಯುತ್ತಾನೆ ಎಂದುಕೊಂಡೆ. ಕಾಕಾ ಗಂಭೀರವಾಗಿ ತಲೆದೂಗಿ, ಖರೇ ಅದರಿ, ಹಗ್ಗ ನಾವೇ ತರಬೇಕಾಗಿತ್ತು, ತಪ್ಪು ನಮ್ಮದು ಎಂದ. ಕೀಲಿಕೈ ಇಲ್ಲದ ಕಾರನ್ನು ಏನು ಮಾಡುವುದು? ಗೌಡರೇ ಧಾರಾಳವಾಗಿ ಒಂದು ಜೋಡಿ ಎತ್ತು ಕೊಟ್ಟು ಕಳಿಸಿದರು. ನವಾಬರ ಮನೆಯ ಸ್ಪೋರ್ಟ್ಸ್ ಕಾರು, ಹಣೆಗೆ ಕುಂಕುಮ ಇಟ್ಟುಕೊಂಡು, ಎರಡು ಎತ್ತಿನ ಹಿಂದೆ ಗಂಟೆಯ ಸಪ್ಪಳದೊಂದಿಗೆ ಆಳಂದ ಪ್ರವೇಶಿಸಿತು. ನಾನು ಅದರಲ್ಲಿ ಮುಖಕ್ಕೆ ಓಢಣಿ ಸುತ್ತಿಕೊಂಡು ಕೂತಿದ್ದೆ. ದಾರಿಯಲ್ಲಿ ಒಂದು ಮೇಕೆ ನಮ್ಮನ್ನು ಹಿಂದೆ ಹಾಕಿತು.

ಗುಲ್ಬರ್ಗದಿಂದ ಮೆಕ್ಯಾನಿಕನನ್ನೂ ಕೀಲಿ ಮಾಡುವವನನ್ನೂ ಕರೆಸಿ, ಎಂಜಿನ್ ರಿಪೇರಿ ಮಾಡಿಸಿ, ಹೊಸ ಕೀಲಿಕೈ ಮಾಡಿಸಿದರು. ಆ ಕೀಲಿಕೈ ಮೊದಲ ದಿನದಿಂದಲೇ ಚಿಗವ್ವನ ಸೆರಗಿನ ತುದಿಯ ಗಂಟಿಗೆ ಹೋಯಿತು. ಗಂಡನ ಹುಚ್ಚಿಗೆ ಸರಿಯಾದ ಲಗಾಮು ಹಾಕಿದಳೆಂದು ನಾನು ಮನಸ್ಸಿನಲ್ಲೇ ಶಹಬ್ಬಾಸ್ ಎಂದೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಚಿಗವ್ವನಿಗೆ ಒಂದು ದಿನವೂ ತಡವಾಗಲಿಲ್ಲ. ಆದರೆ ಕಾಕಾ ಓಡಿಸುವ ಚಂದ ನೋಡಬೇಕಿತ್ತು! ರುಮಾಲು ಬಿಗಿದು, ಮೊಣಕಾಲು ಎದೆಗೆ ಮುಟ್ಟುವಂತೆ ಮಡಿಚಿ ಕೂತು, ಸ್ಟೇರಿಂಗನ್ನು ಎರಡೂ ಕೈಯಿಂದ ಅವುಚಿಕೊಂಡು, ಗಂಟೆಗೆ ಇಪ್ಪತ್ತೈದರಲ್ಲಿ ಹೋಗುತ್ತಿದ್ದ. ಸೈಕಲ್ಲಿನವರು ಕುಶಲ ವಿಚಾರಿಸುತ್ತ ಪಕ್ಕದಲ್ಲೇ ಬರುತ್ತಿದ್ದರು. ಶಾಲೆಯ ಗಂಟೆಗೆ ಮುಟ್ಟಬೇಕೆಂದು ಒಂದು ತಾಸು ಮೊದಲೇ ಹೊರಡುತ್ತಿದ್ದ, ಅದೇ ಅವನ ಉಪಾಯ.

ಭಾನುವಾರದ ಮಾತೇ ಬೇರೆ. ನಾಲ್ಕು ಎಕರೆ ಎರೆಹೊಲವನ್ನು ಬಿತ್ತದೆ ಬಿಟ್ಟು, ಬಿರುಕು ಮುಚ್ಚುವಂತೆ ಕೆಂಪು ಮೊರಂ ಮಣ್ಣು ಹಾಕಿಸಿ, ಕಲ್ಲುಗುಂಡು ಉರುಳಿಸಿ, ಮೊಟ್ಟೆಯಾಕಾರದ ದಾರಿ ಮಾಡಿಸಿದ್ದ. ಮೊದಲ ಮಳೆಗಾಲಕ್ಕೆ ಅದು ಪೂರ್ತಿ ಕೆಸರಾಯಿತು. ಮತ್ತೆ ಮಾಡಿಸಿದ. ಬಿತ್ತುವ ಭೂಮಿಯನ್ನು ಹೀಗೆ ಬಿಡುವುದುಂಟೇ! ದೃಷ್ಟಿ ತಾಕುತ್ತದೆಂದು ಆ ದಿನ ಹೊಲಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ, ಬುತ್ತಿ ಹೊತ್ತ ಚಿಗವ್ವನೊಬ್ಬಳನ್ನು ಬಿಟ್ಟು. ದೂರದ ರಸ್ತೆಯಿಂದ ಎಂಜಿನ್ನಿನ ಗುಡುಗು ಕೇಳುತ್ತಿತ್ತು, ಕೆಂಪು ಧೂಳು ಮೇಲೇಳುವುದು ಕಾಣುತ್ತಿತ್ತು. ಹೋಗುವವರು ಬರುವವರು ನಿಂತು, ಶರ್ಯತ್ತಿನ ಸಾಹುಕಾರನಿಗೆ ಇವತ್ತು ಮತ್ತೆ ಏರಿದೆ ಎಂದು ನಗುತ್ತಿದ್ದರು. ಆದರೂ ಆ ಸಪ್ಪಳ ಕೇಳಿ ನನಗೆ ಮೈ ಜುಮ್ಮೆನ್ನುತ್ತಿತ್ತು. ವಾರವಿಡೀ ಸೈಕಲ್ಲಿಗೆ ಸೋಲುವವನು ಹೊಲದಲ್ಲಿ ಹುಲಿಯಾಗುತ್ತಾನಲ್ಲ!

ಸಂಜೆ ಇಬ್ಬರೂ ಮನೆಗೆ ಬಂದರೆ ಕಾಕಾನ ಧೋತರ ಬೆಳ್ಳಗೇ ಇರುತ್ತಿತ್ತು. ಚಿಗವ್ವನ ಕೂದಲು, ಹುಬ್ಬು, ಸೀರೆ ಎಲ್ಲ ಕೆಂಪು ಧೂಳು. ತಾನು ಆರಾಮಾಗಿ ಕಾರಿನಲ್ಲಿ ಕೂತು ಹೆಂಡತಿಯನ್ನು ಧೂಳಿನಲ್ಲಿ ನಿಲ್ಲಿಸುತ್ತಾನೆಂದು ನನಗೆ ಸಿಟ್ಟು ಏರುತ್ತಲೇ ಹೋಯಿತು. ಎರಡನೇ ವರ್ಷದ ಬೇಸಿಗೆಯ ಒಂದು ಭಾನುವಾರ ತಡೆಯಲಾಗಲಿಲ್ಲ. ಇವತ್ತು ಹೊಲದಲ್ಲೇ ನಿಲ್ಲಿಸಿ ಕೇಳಿಬಿಡುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟೆ.

ಬೇವಿನ ಗಿಡದ ಕೆಳಗೆ ಕಾಕಾ ಕೂತಿದ್ದ. ಕೈಯಲ್ಲಿ ಗಡಿಯಾರ, ಪಕ್ಕದಲ್ಲಿ ಬುತ್ತಿ. ಎದುರಿಗೆ ಕೆಂಪು ಕಾರು ತಿರುವಿನಲ್ಲಿ ಒಂದು ಬದಿಗೆ ಜಾರಿ, ಸರಕ್ಕನೆ ನೆಟ್ಟಗಾಗಿ, ನಮ್ಮ ಮುಂದೆ ಬಾಣದಂತೆ ಹಾದುಹೋಯಿತು. ಒಳಗೆ ಸೆರಗು ಸೊಂಟಕ್ಕೆ ಬಿಗಿದು, ಹಲ್ಲು ಕಚ್ಚಿ ಕೂತಿದ್ದವಳು ಚಿಗವ್ವ.

ದಾರ, ಗಂಟು, ಗೇಣು ಎಲ್ಲ ಒಂದೊಂದಾಗಿ ತಲೆಗೆ ಬಂದವು. ಅವನು ಆರು ತಿಂಗಳು ಅಳೆದದ್ದು ತನ್ನ ಕಾಲಿಗಲ್ಲ.

ಕಾಕಾ ನನ್ನನ್ನು ನೋಡಿ ಗಾಬರಿಯಾಗಲಿಲ್ಲ, ಕೂರಲು ಜಾಗ ಕೊಟ್ಟ. ನೀನು ಓಡಿಸುವುದೇ ಇಲ್ಲವೇ ಎಂದು ಕೇಳಿದೆ.

"ಮೂವತ್ತರ ಮ್ಯಾಲ ಹ್ವಾದ್ರ ನಂಗ ಅಂಜಿಕಿ ಬರ್ತದವ" ಎಂದ, ಗಡಿಯಾರದಿಂದ ಕಣ್ಣು ತೆಗೆಯದೆ. ಮನೆತನದ ಸೊಸೆ, ಮೇಲೆ ಮಾಸ್ತರಬಾಯಿ, ಹೀಗೆ ಓಡಿಸುತ್ತಾಳೆಂದು ತಿಳಿದರೆ ಊರು ಬಿಡುವುದಿಲ್ಲ, ನೌಕರಿಗೂ ಕುತ್ತು ಬರುತ್ತದೆ, ನೀನು ನೋಡಿಲ್ಲ ಅಂದುಕೋ ಎಂದ. ನಾನು ತಡೆಯಲಾರದೆ ಹೇಳಿಬಿಟ್ಟೆ, ಊರೆಲ್ಲ ನಿನಗೆ ಹುಚ್ಚು ಅನ್ನುತ್ತಿದೆ ಕಾಕಾ, ನಾನೂ ಅಂದಿದ್ದೇನೆ.

"ಅನ್ಲಿ ಬಿಡವ. ಅಕಿಗಿ ಯಾರೂ ಅಂದಿಲ್ಲಲ್ಲ."

ನನಗೆ ಅಳು ಬಂತು. ಕಾರು ಬಂದು ನಿಂತಿತು. ಚಿಗವ್ವ ನನ್ನನ್ನು ಕಂಡು ಅಭ್ಯಾಸದಂತೆ ಸೆರಗು ತಲೆಯ ಮೇಲೆಳೆದುಕೊಳ್ಳಲು ಹೋದಳು, ಕೈ ಅರ್ಧಕ್ಕೇ ನಿಂತಿತು. ಕಾಕಾ ಗಡಿಯಾರ ಎತ್ತಿ ತೋರಿಸಿ, ಹೋದ ವಾರಕ್ಕಿಂತ ಎರಡು ಸೆಕೆಂಡು ಕಡಿಮೆ ಎಂದ. ಆಗ ಅವಳು ನಕ್ಕಳು. ಆ ನಗುವನ್ನು ನಾನು ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಚಿಗವ್ವ ಕೊನೆಯವರೆಗೂ ಗಣಿತ ಹೇಳಿ ನಿವೃತ್ತಳಾದಳು. ಈಗ ಈ ಮಾತು ಹೊರಗೆ ಬಂದರೆ ಅವಳಿಗೇನೂ ಆಗುವುದಿಲ್ಲ, ಅದಕ್ಕೇ ಬರೆದೆ. ಆದರೆ ಆ ಗುಟ್ಟು ಕಾಯಬೇಕಿದ್ದ ಅಷ್ಟೂ ವರ್ಷ, ಯಾರಾದರೂ ನಿಮ್ಮ ಕಾಕಾನಿಗೆ ಹುಚ್ಚೇನು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡುತ್ತಿರಲಿಲ್ಲ. ಹೌದ್ರಿ, ಪೂರಾ ಹುಚ್ಚ ಅದಾನ್ರಿ ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳುತ್ತಿದ್ದೆ.