ಮೂರು ಊರಿನ ಆರ್ಕಿಟೆಕ್ಟರು

ನಮ್ಮ ಸ್ಟುಡಿಯೋದಲ್ಲಿ ಒಬ್ಬ ಹುಡುಗಿಯ ನೌಕರಿ ಹೋಗುವುದರಲ್ಲಿತ್ತು. ಯಾಕೆ, ಹೇಳಿ ನೋಡೋಣ. ನಕ್ಷೆ ತಪ್ಪು ತೆಗೆದಳೇ? ಇಲ್ಲ. ಕಟ್ಟಿದ್ದೇನಾದರೂ ಬಿತ್ತೇ? ಅದೂ ಅಲ್ಲ. ತನ್ನ ಅಪ್ಪ ಏನು ಕೆಲಸ ಮಾಡುತ್ತಾನೆಂಬುದನ್ನು ಇದ್ದದ್ದು ಇದ್ದ ಹಾಗೆ ಬರೆದುಬಿಟ್ಟಿದ್ದಳು, ಅಷ್ಟೇ. ಇಂಥವು ನಮ್ಮಲ್ಲಿ ವಾರಕ್ಕೊಂದು ನಡೆಯುತ್ತವೆ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ, "ನೀವು ಆಫೀಸಿಗೆ ಹೋಗತೀರೋ ನಾಟಕಕ್ಕ ಹೋಗತೀರೋ?" ಅನ್ನುತ್ತಾಳೆ.

ನಾನು ಧಾರವಾಡದವನು. ಪುಣೆಗೆ ಬಂದು ಸರಕಾರಿ ಕಟ್ಟಡ ಖಾತೆಯಲ್ಲಿ ಎಂಜಿನಿಯರಾಗಿ ಜನ್ಮ ಸವೆಸಿದವನು. ನಿವೃತ್ತನಾಗಿ ಕಾತ್ರಜದ ಮನೆಯಲ್ಲಿ ಕೂತವನು ಸುಮ್ಮನಿರಲಾರದೆ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸತೊಡಗಿದೆ. ಮೂರನೆಯ ದಿನ ಹೆಂಡತಿಯೇ ಪೇಪರಿನಲ್ಲಿ ಈ ಕೆಲಸದ ಜಾಹೀರಾತು ಹುಡುಕಿ ನನ್ನ ಮುಂದಿಟ್ಟಳು. ಶಿವಾಜಿನಗರದ ಒಂದು ಒಳ ಓಣಿಯಲ್ಲಿ ಅಂತರರಾಷ್ಟ್ರೀಯ ಆರ್ಕಿಟೆಕ್ಟರ ಸ್ಟುಡಿಯೋ. ಮುಖ್ಯ ಕಚೇರಿ ರಾಟರ್‌ಡ್ಯಾಮಿನಲ್ಲಿ. ನನ್ನ ಹುದ್ದೆಯ ಹೆಸರು 'ಲೋಕಲ್ ನಾಲೆಜ್ ಅಡ್ವೈಸರ್'. ಅಂದರೆ ನಕ್ಷೆಯ ಫೈಲು ಹಿಡಿದು ಮಂಜೂರಾತಿಗೆ ಓಡಾಡುವವನು. ಯಾವ ಟೇಬಲ್ಲಿನ ಸಾಹೇಬರು ಚಹಾ ಕುಡಿದು ಎಷ್ಟು ಹೊತ್ತಿಗೆ ಮರಳುತ್ತಾರೆ ಎಂಬುದೇ ನನ್ನ ನಾಲೆಜ್ಜು.

ಮೂರು ಊರಿನ ನಿಯಮ

ನಮ್ಮ ಸ್ಟುಡಿಯೋದ ವೆಬ್‌ಸೈಟಿನಲ್ಲಿ ಪ್ರತಿಯೊಬ್ಬ ಆರ್ಕಿಟೆಕ್ಟನ ಹಿನ್ನೆಲೆ ಇರುತ್ತದೆ. ಅದಕ್ಕೊಂದು ನಿಯಮ: ಕನಿಷ್ಠ ಮೂರು ಊರು ಬರಬೇಕು, ಮೂರೂ ಬೇರೆ ಬೇರೆ ದೇಶದಲ್ಲಿದ್ದರೆ ಉತ್ತಮ. ನಮ್ಮ ಹಿರಿಯ ಆರ್ಕಿಟೆಕ್ಟ್ ಸಾಹೇಬರು ನಾಸಿಕದವರು. ಅವರ ಹಿನ್ನೆಲೆ ಹೀಗಿದೆ: 'ರಾಟರ್‌ಡ್ಯಾಮ್, ಸಿಂಗಾಪುರ ಮತ್ತು ಪುಣೆಯ ನಡುವೆ ಬದುಕುತ್ತ, ಕಟ್ಟುತ್ತ, ಪ್ರಶ್ನಿಸುತ್ತ ಬಂದಿದ್ದಾರೆ.' ನಾಸಿಕದ ಸುಳಿವೇ ಇಲ್ಲ. ಉಳಿದವರದೂ ಹೀಗೆಯೇ: ಒಬ್ಬನ ಹಿನ್ನೆಲೆ ಮಿಲಾನಿನಿಂದ ಶುರು, ಒಬ್ಬಳದು ಬಾರ್ಸಿಲೋನಾದಿಂದ.

ಹಿನ್ನೆಲೆಗಳನ್ನೆಲ್ಲ ಕೂಡಿಸಿ ಫೈಲು ಮಾಡುವ ಕೆಲಸ ನನಗೆ ಬಂದಾಗ ಕೇಳಿದೆ: "ಸಾಹೇಬ್ರ, ಸಿಂಗಾಪುರದಾಗ ಎಷ್ಟು ವರ್ಷ ಇದ್ರಿ?"

"ಆರು ತಾಸು," ಅಂದರು. ವಿಮಾನ ಬದಲಿಸಲು ಕೂತಿದ್ದರಂತೆ.

"ಆರು ತಾಸಿನಾಗ?"

"ಕಾಕಾ, ಜಾಗವನ್ನು ಅನುಭವಿಸೋದಕ್ಕೆ ಗಡಿಯಾರ ಬೇಕಾಗೋದಿಲ್ಲ."

ಒಪ್ಪಿದೆ. ಆ ಲೆಕ್ಕದಲ್ಲಿ, ಹುಬ್ಬಳ್ಳಿ ಗಾಡಿಗಾಗಿ ನಾನು ಮಿರಜ ಜಂಕ್ಷನ್ನಿನಲ್ಲಿ ಕೂತ ತಾಸುಗಳಿಗೆ ಯಾವುದಾದರೂ ವಿಶ್ವವಿದ್ಯಾಲಯ ನನ್ನನ್ನು ಕರೆದು ಡಾಕ್ಟರೇಟ್ ಕೊಡಬೇಕು.

ಒಂದೇ ಬಸ್ಸಿನ ಹುಡುಗಿ

ನೌಕರಿಯ ಮಾತು ಬಂದದ್ದು ಇಲ್ಲಿ. ಬೈಲಹೊಂಗಲದ ಕಡೆಯ ಒಬ್ಬ ಹುಡುಗಿ ಆರು ತಿಂಗಳ ಪ್ರೊಬೇಷನ್ನಿನ ಮೇಲೆ ಸೇರಿದ್ದಳು. ಹಿನ್ನೆಲೆ ವೆಬ್‌ಸೈಟಿಗೆ ಹತ್ತಿದರೆ ಕಾಯಂ, ಹತ್ತದಿದ್ದರೆ ಮನೆ. ಇದೂ ನಮ್ಮಲ್ಲಿಯ ನಿಯಮವೇ. ಅವಳು ಬರೆದುಕೊಟ್ಟದ್ದು ನಾಲ್ಕು ಸಾಲು: 'ಊರು ಬೈಲಹೊಂಗಲ. ಓದಿದ್ದು ಬೆಳಗಾವಿ. ಈಗ ಪುಣೆ. ಅಪ್ಪ ಗೌಂಡಿ, ಶಾಲೆಯ ರಜೆಯಲ್ಲೆಲ್ಲ ಅವರ ಕೈಕೆಳಗೆ ಇಟ್ಟಿಗೆ ಕೆಲಸ ಮಾಡಿದ್ದೇನೆ.'

ಸಾಹೇಬರು ಓದಿ ಕನ್ನಡಕ ತೆಗೆದರು. "ಇದೇನು ಹಿನ್ನೆಲೆಯೋ ಬಸ್ಸಿನ ಬೋರ್ಡೋ? ಮೂರೂ ಊರು ಒಂದೇ ರಸ್ತೆಯ ಮೇಲಿವೆ."

ಎಚ್.ಆರ್. ನೋಡುವ ಮೇಡಮ್ಮು ಬೆಂಗಳೂರಿನವರು. ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್, ನೀವಾದ್ರೂ ಅವಳಿಗೆ ಹೇಳಿ. ಸ್ವಲ್ಪ ಟ್ವೀಕ್ ಮಾಡಿದ್ರೆ ಸಾಕು. ಗೌಂಡಿ ಅಂತ ಯಾಕೆ, ದೇಸಿ ಕಟ್ಟಡ ಪರಂಪರೆಯ ಮೂರನೇ ತಲೆಮಾರು ಅಂತ ಹಾಕ್ಲಿ. ಕನ್ಫರ್ಮ್ ಆಗೋಗತ್ತೆ," ಅಂದರು.

ಹೋಗಿ ಹೇಳಿದೆ. ಹುಡುಗಿ ಸ್ಕೇಲು ಕೆಳಗಿಟ್ಟಳು. "ಕಾಕಾ, ನಮ್ಮಪ್ಪ ಮುಂಜಾನೆ ಬುತ್ತಿ ಕಟಗೊಂಡು ಹೋಗತಾನ. ಪರಂಪರಾ ಬುತ್ತಿ ಕಟಗೊಂಡು ಹೋಗತದೇನ್ರಿ?"

"ನೌಕರಿ ಹೋಗತದ ತಂಗಿ."

"ಹೋದರ ಅಪ್ಪನ ಕಡೆ ಹೋಗತೀನಿ. ಅಂವ ಹಿನ್ನೆಲಿ ಕೇಳೂದಿಲ್ಲ, ಗ್ವಾಡಿ ನೆಟ್ಟಗದನೋ ಇಲ್ಲೋ ಅಷ್ಟ ನೋಡತಾನ."

ಬಾಯಿಂದ ಹೀಗೆ ಅಂದಳು. ಆದರೆ ಊರಲ್ಲಿ ತಮ್ಮನ ಕಾಲೇಜು ಈ ಪಗಾರದ ಮೇಲೆ ನಡೆದಿತ್ತು ಅಂತ ನನಗೆ ಗೊತ್ತಿತ್ತು. ಎಚ್.ಆರ್. ಮೇಡಮ್ಮಿಗೆ ಹೋಗಿ, "ಟ್ವೀಕ್ ಆಗೂದಿಲ್ರಿ, ಹುಡುಗಿ ಆರ್.ಸಿ.ಸಿ. ಅದ," ಅಂತ ವರದಿ ಒಪ್ಪಿಸಿದೆ.

ಬಾಗಿಲು ಎಲ್ಲದ?

ಹೀಗೆ ಅವಳ ಕಾಗದ ಫೈಲಿನಲ್ಲಿ ಕೊಳೆಯುತ್ತಿದ್ದಾಗಲೇ ಬಾಗಿಲಿನ ಪ್ರಕರಣ ನಡೆಯಿತು. ಸ್ಟುಡಿಯೋದ ಮುಂಭಾಗವನ್ನು ಸಾಹೇಬರೇ ಹೊಸದಾಗಿ ಮಾಡಿದ್ದರು. ನಲವತ್ತು ಅಡಿ ಬಿಳಿ ಗೋಡೆ. ಅದರಲ್ಲಿಯೇ ಬಾಗಿಲು, ಅದೂ ಬಿಳಿ. ಚೌಕಟ್ಟಿಲ್ಲ, ಹಿಡಿಕೆಯಿಲ್ಲ, ಬೋರ್ಡಿಲ್ಲ. "ಹಿಡಿಕೆ ಅಂದರೆ ಗೋಡೆಯ ಮೇಲೆ ಅಪನಂಬಿಕೆ," ಅನ್ನುವುದು ಅವರ ಸಿದ್ಧಾಂತ. ದೇಶವಿದೇಶಗಳಲ್ಲಿ ಕಲಿತ ಹನ್ನೊಂದು ಜನ ಆರ್ಕಿಟೆಕ್ಟರು ದಿನಾ ಬೆಳಿಗ್ಗೆ ಬಂದು ಗೋಡೆಯನ್ನು ಅಂಗೈಯಿಂದ ಒತ್ತುತ್ತ ಹೋಗುತ್ತಿದ್ದರು, ವೈದ್ಯರು ಹೊಟ್ಟೆ ನೋಡಿದ ಹಾಗೆ.

ಒಂದು ದಿನ ಪಿಂಪ್ರಿಯ ಕಾರಖಾನೆಯ ಮಾಲಕರೊಬ್ಬರು, ನಮ್ಮ ದೊಡ್ಡ ಗಿರಾಕಿ, ಬಂದವರು ಇಪ್ಪತ್ತು ನಿಮಿಷ ಗೋಡೆಯ ಮುಂದೆ ಅಡ್ಡಾಡಿ ಫೋನು ಮಾಡಿದರು. "ನಿಮ್ಮ ಆಫೀಸು ಕಾಣತಾ ಇದೆ, ಆದರೆ ಬಾಗಿಲು ಬಂದ್ ಮಾಡಿ ಮೇಲೆ ಗಾರೆ ಗಿಲಾಯಿ ಮಾಡಿದ ಹಾಗಿದೆ."

ಮರುದಿನ ನಾನು ಮನೆಯಿಂದ ನನ್ನ ಹಳೆಯ ಕೊಲ್ಹಾಪುರಿ ಚಪ್ಪಲಿ ತಂದು ಬಾಗಿಲಿದ್ದಲ್ಲಿ ಬಿಟ್ಟೆ. ಚಪ್ಪಲಿ ಇದ್ದಲ್ಲಿ ಬಾಗಿಲಿರುತ್ತದೆ, ಇದಕ್ಕೆ ರಾಟರ್‌ಡ್ಯಾಮ್ ಬೇಕಾಗಿಲ್ಲ. ಕೊರಿಯರಿನವನು, ಹಾಲಿನವನು, ಗಿರಾಕಿ, ಎಲ್ಲರೂ ನೆಟ್ಟಗೆ ಒಳಗೆ ಬರತೊಡಗಿದರು. ಸಾಹೇಬರಿಗೂ ಭಾಳ ಸೇರಿತು. "ಕಾಕಾ, ಇದು ಹೊಸ್ತಿಲಿನ ಕಲ್ಪನೆ," ಅಂದರು, ಫೋಟೋ ತೆಗೆಸಿದರು. ಒಂದು ವಾರ ಎಲ್ಲ ಸುರಳೀತ.

ಎರಡನೆಯ ವಾರ ಮತ್ತೆ ಜನ ಗೋಡೆ ಬಡಿಯತೊಡಗಿದರು. ಹೊರಗೆ ಬಂದು ನೋಡಿದೆ. ಫೋಟೋದಲ್ಲಿ ಸಮತೋಲ ಬರಲಿ ಅಂತ ಸಾಹೇಬರು ಚಪ್ಪಲಿಯನ್ನು ಬಾಗಿಲಿನಿಂದ ಗೋಡೆಯ ನಟ್ಟನಡುವಿಗೆ ಸರಿಸಿಟ್ಟಿದ್ದರು.

ಅಜ್ಜಂದಿರ ಆಗಮನ

ಇನ್ನು ಕೊನೆಯದು. ಹುಡುಗಿಯ ಆರು ತಿಂಗಳು ಮುಗಿಯುವ ದಿನವೇ ರಾಟರ್‌ಡ್ಯಾಮಿನಿಂದ ದೊಡ್ಡ ಮೇಡಮ್ಮು ಬಂದರು. ಎಲ್ಲರಿಗಿಂತ ಮೇಲಿನವರು. ಪಿಂಪ್ರಿಯ ಕಾರಖಾನೆಗೆ ನಾವು ತೂತುತೂತಿನ ಇಟ್ಟಿಗೆ ಗೋಡೆಯೊಂದನ್ನು ಸೂಚಿಸಿದ್ದೆವು. ಅದರ ಒಂದು ನಮೂನೆ ಹಿಂದಿನ ಅಂಗಳದಲ್ಲಿ ಅರ್ಧ ಎದ್ದು ನಿಂತಿತ್ತು. ಕಟ್ಟುವ ಗೌಂಡಿ ಅವತ್ತು ರಜೆ ಹಾಕಿದ್ದ.

ಮೇಡಮ್ಮು ಗೋಡೆ ನೋಡಿದರು. "ಉಳಿದದ್ದು ಹೇಗೆ ಕೂಡುತ್ತದೆ? ಯಾರಾದರೂ ಕಟ್ಟಿ ತೋರಿಸಿ," ಅಂದರು.

ಸಿಂಗಾಪುರ ನೆಲ ನೋಡಿತು. ಮಿಲಾನ್ ಫೋನು ನೋಡಿತು. ಬಾರ್ಸಿಲೋನಾ ನನ್ನನ್ನು ನೋಡಿತು. ಹುಡುಗಿ ದುಪಟ್ಟಾ ಸೊಂಟಕ್ಕೆ ಬಿಗಿದು, ಗಾರೆ ಕಲಸಿ, ದಾರ ಎಳೆದು, ನಾಲ್ಕು ಸಾಲು ಇಟ್ಟಿಗೆ ಏರಿಸಿದಳು. ಇಟ್ಟಿಗೆಗೆ ಕರಣೆಯ ಹಿಡಿಯಿಂದ ಒಂದೇ ಏಟು; ಎರಡನೆಯದು ಬೇಕಾಗಲಿಲ್ಲ.

"ಎಲ್ಲಿ ಕಲಿತೆ?" ಮೇಡಮ್ಮು ಕೇಳಿದರು.

"ನಮ್ಮಪ್ಪ ಗೌಂಡಿ."

ಮೇಡಮ್ಮು ಸಾಹೇಬರ ಕಡೆ ತಿರುಗಿದರು. "ಇಂಥ ಹಿನ್ನೆಲೆ ನಿಮ್ಮಲ್ಲಿದೆ ಅಂತ ವೆಬ್‌ಸೈಟಿನಲ್ಲಿ ಯಾಕಿಲ್ಲ? ಊರುಗಳ ಹೆಸರು ಓದಿ ಓದಿ ನನಗೆ ಸಾಕಾಗಿದೆ." ಹೀಗಂದು ಹೋಟೆಲ್ಲಿಗೆ ಹೋದರು.

ಅವರ ಕಾರು ಓಣಿ ದಾಟಿರಲಿಕ್ಕಿಲ್ಲ, ನನ್ನ ಟೇಬಲ್ಲಿಗೆ ತಿದ್ದಿದ ಹಿನ್ನೆಲೆಗಳು ಬರತೊಡಗಿದವು. ಮಿಲಾನಿನವನ ಅಜ್ಜ ಬಡಿಗ. ಬಾರ್ಸಿಲೋನಾದವಳ ಮುತ್ತಜ್ಜ ಸುಣ್ಣದ ಭಟ್ಟಿ ನಡೆಸಿದವ. ಸಾಹೇಬರ ತಂದೆ ತೆರಿಗೆ ಅಧಿಕಾರಿಯಾಗಿದ್ದರೆಂದು ನನಗೆ ಗೊತ್ತಿತ್ತು. ಆದರೆ ಅಜ್ಜ ಕೈಯಾರೆ ಕಲ್ಲು ಕೆತ್ತುತ್ತಿದ್ದರೆಂದು ಅವತ್ತೇ ತಿಳಿಯಿತು. ಬಹುಶಃ ಅವರಿಗೂ ಅವತ್ತೇ ತಿಳಿಯಿತು. ಸಂಜೆ ಐದಕ್ಕೆ ಲೆಕ್ಕ ಮಾಡಿದೆ: ಹತ್ತು ಆರ್ಕಿಟೆಕ್ಟರ ಅಜ್ಜ ಮುತ್ತಜ್ಜರಲ್ಲಿ ಆರು ಜನ ಗೌಂಡಿಗಳು, ಇಬ್ಬರು ಬಡಿಗರು, ಒಬ್ಬ ಸುಣ್ಣದವ, ಒಬ್ಬ ಕಲ್ಲುಕುಟಿಗ. ಎಲ್ಲರೂ ಸ್ವರ್ಗಸ್ಥರು, ವಿಚಾರಿಸಲು ಉಪಾಯವಿಲ್ಲ.

ಆಗ ಎಚ್.ಆರ್. ಮೇಡಮ್ಮು ಹುಡುಗಿಯ ಹಳೆಯ ಕಾಗದ ಹಿಡಿದು ಬಂದರು. ಮುಖ ಸಣ್ಣದಾಗಿತ್ತು. "ಅಂಕಲ್, ಒಂದು ಪ್ರಾಬ್ಲಮ್ಮು. ಸರ್ ಇದನ್ನ ಮತ್ತೆ ವಾಪಸ್ ಕಳಿಸಿದಾರೆ. ಎಲ್ಲರ ಥರಾನೇ ಇದೆಯಂತೆ. ಸ್ವಲ್ಪ ಡಿಫರೆಂಟ್ ಆಗಿ ಬರೀಬೇಕಂತೆ, ಇಲ್ಲಾಂದ್ರೆ ಹಾಕೋಕಾಗಲ್ವಂತೆ."

ಆರು ಗಂಟೆಗೆ ಪ್ರೊಬೇಷನ್ನು ಮುಗಿಯುತ್ತಿತ್ತು. ಹುಡುಗಿ ಕೈಯ ಗಾರೆ ತೊಳೆದು ಬಂದು ಕಾಗದ ನೋಡಿದಳು, ಸುತ್ತ ಕೂತವರನ್ನು ನೋಡಿದಳು. ಪೆನ್ನು ತೆಗೆದುಕೊಂಡು ಅಡಿಯಲ್ಲಿ ಒಂದೇ ಸಾಲು ಸೇರಿಸಿದಳು: 'ನಮ್ಮ ಅಪ್ಪ ಇನ್ನೂ ಬದುಕಿದ್ದಾರೆ, ಸಂಶಯವಿದ್ದವರು ಒಂದು ಗೋಡೆ ಕಟ್ಟಿಸಿ ನೋಡಬಹುದು.'

ಎಚ್.ಆರ್. ಮೇಡಮ್ಮು ಓದಿದರು, ಸಾಹೇಬರ ಕೋಣೆಗೆ ಒಯ್ದರು. ಐದು ನಿಮಿಷದ ಮೇಲೆ ಸಹಿಯಾದ ಕಾಯಂ ಆದೇಶ ತಂದು ಹುಡುಗಿಯ ಕೈಗಿತ್ತು, "ಡಿಫರೆಂಟ್ ಇದೆ ಅಂದ್ರು," ಅಂದರು.

ಬಸ್ಸು ಹಿಡಿದು ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಇಷ್ಟು ಮಂದಿ ಓದಿದವರಿಗೆ ಒಂದೇ ದಿನ ಅಜ್ಜ ಮುತ್ತಜ್ಜರ ನೆನಪು ಹೇಗೆ ಒತ್ತರಿಸಿ ಬಂತು ಅಂತ ನನಗೆ ಅಚ್ಚರಿ. ಅವಳಿಗೆ ಏನೂ ಅಚ್ಚರಿಯಾಗಲಿಲ್ಲ. ಗೋಡೆಯ ಕ್ಯಾಲೆಂಡರಿಗೆ ಬೆರಳು ಮಾಡಿದಳು. ಅವತ್ತು ಮಹಾಲಯ ಅಮಾವಾಸ್ಯೆ.